ಸೋದರಮಾವನ ಬಲ ಭುಜ

ಮೊದಲು ಗಮನಿಸಿದ್ದು ನಾನಲ್ಲ, ನನ್ನ ನಂತರದ ಪೀರಿಯಡ್ಡಿಗೆ ಅದೇ ತರಗತಿಗೆ ಬರುತ್ತಿದ್ದ ಕನ್ನಡ ಟೀಚರು.

"ನಿಮ್ಮ ಕ್ಲಾಸು ಮುಗಿದ ಮೇಲೆ ಬರುದರಲ್ಲಿ ಒಂದು ಸುಖ ಉಂಟು ಮಾಷ್ಟ್ರೆ. ಅರ್ಧ ಬೋರ್ಡು ಉಜ್ಜಿದರೆ ಸಾಕು," ಎಂದರು.

ಬಾಗಿಲ ಬಳಿ ನಿಂತು ತಿರುಗಿ ನೋಡಿದೆ. ಕರಿಹಲಗೆಯ ಮೇಲಿನ ಅರ್ಧದಲ್ಲಿ ಒಂದಕ್ಷರವೂ ಇರಲಿಲ್ಲ. ನನ್ನ ಬರಹ ಎದೆಯ ಮಟ್ಟದಲ್ಲಿ ಶುರುವಾಗಿ, ಕೆಳಗೆ ಹೋದಂತೆ ಒತ್ತೊತ್ತಾಗಿ, ಸೊಂಟದ ಮಟ್ಟದಲ್ಲಿ ಮುಗಿದಿತ್ತು. ಕೊನೆಯ ಸಾಲನ್ನು ಬಗ್ಗಿ ಬರೆದದ್ದು ಆಗ ನೆನಪಾಯಿತು. ಕಡಬದ ಹತ್ತಿರದ ಈ ಶಾಲೆಯಲ್ಲಿ ಹದಿನಾಲ್ಕು ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಹಲಗೆಯ ಎಲ್ಲಿಂದ ಬರೆಯಲು ಶುರುಮಾಡಬೇಕು ಎಂದು ಯಾವತ್ತೂ ಯೋಚಿಸಿದವನಲ್ಲ. ಕೈ ತಾನಾಗಿಯೇ ಮೇಲಂಚಿಗೆ ಹೋಗುತ್ತಿತ್ತು. ಯಾವ ವಾರದಿಂದ ಹೋಗುವುದನ್ನು ಬಿಟ್ಟಿತು ಎಂದು ಈಗಲೂ ಖಚಿತವಾಗಿ ಹೇಳಲಾರೆ.

ನನಗೆ ಆಗ ಐವತ್ತೆರಡು. ಸಕ್ಕರೆ ಕಾಯಿಲೆ ಗೊತ್ತಾಗಿ ಆರು ವರ್ಷವಾಗಿತ್ತು. ಬಲ ಭುಜದ ನೋವು ಮಳೆಗಾಲದ ಕೊನೆಯಲ್ಲಿ ಬಂದದ್ದು. ನವರಾತ್ರಿಯ ಹೊತ್ತಿಗೆ ಪ್ಯಾಂಟಿನ ಹಿಂದಿನ ಜೇಬಿಗೆ ಕೈ ಹೋಗದೆ, ಪರ್ಸನ್ನು ಅಂಗಿಯ ಜೇಬಿಗೆ ಹಾಕತೊಡಗಿದೆ. ದೀಪಾವಳಿಯ ಹೊತ್ತಿಗೆ ಅಂಗಿ ಹಾಕಿಕೊಳ್ಳುವುದೇ ಒಂದು ಕೆಲಸವಾಯಿತು. ಮೊದಲು ಬಲಗೈಯನ್ನು ತೋಳಿನೊಳಗೆ ತೂರಿಸಬೇಕು, ಆಮೇಲೆ ಉಳಿದ ಅಂಗಿಯನ್ನು ಎಡಗೈಯಿಂದ ಬೆನ್ನ ಹಿಂದಿನಿಂದ ಎಳೆದುಕೊಳ್ಳಬೇಕು. ಮರೆತು ಎಡಗೈಯನ್ನು ಮೊದಲು ಹಾಕಿದರೆ ಅರ್ಧ ಅಂಗಿಯಲ್ಲಿ ಸಿಕ್ಕಿಬಿದ್ದು ಹೆಂಡತಿಯನ್ನು ಕರೆಯಬೇಕಾಗುತ್ತಿತ್ತು. ಎರಡು ಸಲ ಕರೆದೆ. ಮೂರನೆಯ ಸಲ ನಾಚಿಕೆಯಾಗಿ, ಒಂದು ಕೈ ಒಳಗೆ ಒಂದು ಕೈ ಹೊರಗೆ, ಮಂಚದ ಮೇಲೆ ಸುಮಾರು ಹೊತ್ತು ಕೂತಿದ್ದೆ. ವಯಸ್ಸಾಯಿತು, ಸ್ನಾಯು ಸೋತಿದೆ, ಅಷ್ಟೆ ಅಂದುಕೊಂಡಿದ್ದೆ.

ಆ ಡಿಸೆಂಬರಿನಲ್ಲಿ ಅಕ್ಕನ ಕಿರಿಯ ಮಗಳ ಮದುವೆ ನಿಶ್ಚಯವಾಯಿತು.

ನಮ್ಮಲ್ಲಿ ಮುಹೂರ್ತದ ಹೊತ್ತಿಗೆ ಮದುಮಗಳು ಮಂಟಪಕ್ಕೆ ನಡೆದು ಬರುವುದಿಲ್ಲ. ಸೋದರಮಾವ ಎರಡೂ ಕೈಗಳಲ್ಲಿ ಎತ್ತಿಕೊಂಡು ತಂದು ಪರದೆಯ ಈಚೆ ಇಳಿಸಬೇಕು. ಅಕ್ಕನಿಗೆ ನಾನೊಬ್ಬನೇ ತಮ್ಮ. ಎಂಟು ವರ್ಷಗಳ ಹಿಂದೆ ಅವಳ ದೊಡ್ಡ ಮಗಳನ್ನು ಎತ್ತಿ ತಂದಿದ್ದೆ. ಆ ಹುಡುಗಿ ಕಡ್ಡಿಯ ಹಾಗಿದ್ದಳು. ಕಿರಿಯವಳದು ಚಿಕ್ಕಂದಿನಿಂದಲೂ ದಪ್ಪ ಮೈ. ಸುಳ್ಯದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ, ಮಾತು ಕಡಿಮೆ.

ನಿಶ್ಚಿತಾರ್ಥದ ಊಟದ ಪಂಕ್ತಿಯಲ್ಲಿ ನನ್ನ ಎದುರಿಗೆ ಭಾವನ ಅಣ್ಣ ಕೂತಿದ್ದರು. ನಾನು ಅವರನ್ನು ದೊಡ್ಡ ಭಾವ ಎನ್ನುತ್ತೇನೆ. ನಗಿಸುವುದು ಅವರ ಸ್ವಭಾವ, ಯಾರನ್ನು ಹಿಡಿದು ನಗಿಸುತ್ತಿದ್ದೇನೆ ಎಂದು ನೋಡುವವರಲ್ಲ.

"ಮಾಷ್ಟ್ರೆ, ಈಗಿಂದಲೇ ಅಭ್ಯಾಸ ಶುರು ಮಾಡಿ," ಎಂದರು. "ದೊಡ್ಡವಳನ್ನು ಎತ್ತಿದ ಹಾಗಲ್ಲ ಇದು. ಆಗುದಿಲ್ಲಾಂತಾದ್ರೆ ಮೊದಲೇ ಹೇಳಿ, ಕ್ರೇನಿನವನಿಗೆ ಫೋನು ಮಾಡುವ."

ಪಂಕ್ತಿಯಲ್ಲಿ ಎಲ್ಲರೂ ನಕ್ಕರು. ಅವಳೂ ನಕ್ಕಳು. ನಾನು ಅವಳನ್ನೇ ನೋಡುತ್ತಿದ್ದೆ. ನಗುತ್ತಲೇ ಎಲೆಯ ಮೇಲಿದ್ದ ಅರ್ಧ ಹೋಳಿಗೆಯನ್ನು ಬದಿಗೆ ಸರಿಸಿದಳು. ಬಡಿಸುವವರು ಎರಡನೆಯ ಸಲ ಬಂದಾಗ ಎಲೆಯ ಮೇಲೆ ಅಡ್ಡ ಕೈ ಹಿಡಿದಳು.

ಕೈ ತೊಳೆಯುವಲ್ಲಿ ನನ್ನ ಪಕ್ಕ ಬಂದು ನಿಂತಳು. "ಮಾವ, ನೀವು ಎತ್ತುತ್ತೀರಲ್ಲ?"

"ಎತ್ತದೆ ಮತ್ತೆ?" ಎಂದೆ. ಎಡಗೈಯಲ್ಲಿ ನಲ್ಲಿ ತಿರುಗಿಸುತ್ತಿದ್ದೆ. ಬಲಗೈ ಅಷ್ಟು ದೂರಕ್ಕೆ ಚಾಚುತ್ತಿರಲಿಲ್ಲ.

ಆ ಎರಡು ಶಬ್ದದಲ್ಲಿ ನಾನು ಸಿಕ್ಕಿಬಿದ್ದೆ. ಆಗುವುದಿಲ್ಲ ಎಂದು ಈಗ ಹೇಳಿದರೆ ನಗುವುದು ನನ್ನನ್ನು ನೋಡಿಯಲ್ಲ, ಅವಳನ್ನು ನೋಡಿ. ಭುಜನೋವು ಎಂದರೆ ಎಲ್ಲರೂ ತಲೆಯಾಡಿಸಿ, ಮರೆಯಲ್ಲಿ, ಮಾಷ್ಟ್ರಿಗೆ ಒಳ್ಳೆ ನೆಪ ಸಿಕ್ಕಿತು ಎನ್ನುತ್ತಾರೆ. ಮದುವೆಯ ದಿನ ಅವಳು ಆ ಮಾತಿನ ಮಧ್ಯೆ ನಡೆದು ಬರಬೇಕು. ಮುಹೂರ್ತ ಫೆಬ್ರವರಿಯ ಕೊನೆಗೆ.

ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿದವನು ಆಮೇಲೆ ಮಾಡಿದ್ದನ್ನು ಹೇಳಲು ಸಂಕೋಚವಾಗುತ್ತದೆ. ಸೋತ ಸ್ನಾಯುವನ್ನು ದುಡಿಸಿ ಗಟ್ಟಿಮಾಡುತ್ತೇನೆ ಎಂದು ಹೊರಟೆ. ಶಾಲೆಯ ಬಿಸಿಯೂಟದ ಅಕ್ಕಿ ಚೀಲಗಳು ಅಡುಗೆಕೋಣೆಯ ಪಕ್ಕದ ಸಣ್ಣ ಕೋಣೆಯಲ್ಲಿರುತ್ತವೆ. ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಅಲ್ಲಿಗೆ ಹೋದೆ. ಅರ್ಧ ಖಾಲಿಯಾಗಿ ಬಾಯಿ ಕಟ್ಟಿಟ್ಟಿದ್ದ ಒಂದು ಚೀಲವನ್ನು ಆರಿಸಿಕೊಂಡೆ. ಇಪ್ಪತ್ತೈದು ಕಿಲೋ ಇದ್ದಿರಬಹುದು. ಎರಡೂ ಕೈಗಳನ್ನು ಅಡಿಗೆ ತೂರಿಸಿ, ಮಗುವನ್ನು ಎತ್ತುವಂತೆ ಎತ್ತಿದೆ. ಸೊಂಟದವರೆಗೆ ಬಂತು. ಇಷ್ಟೇ ಅಲ್ಲವೇ ಎನಿಸಿತು.

ಬಾಗಿಲ ಕಡೆ ತಿರುಗಿದೆ. ತಿರುಗುವಾಗ ಚೀಲದ ಒಂದು ಬದಿಗೆ ಅಕ್ಕಿ ಜಾರಿ, ಬಲ ಮೊಣಕೈ ಸ್ವಲ್ಪ ಹೊರಕ್ಕೆ ಹೋಯಿತು. ಒಂದು ಗೇಣೂ ಹೋಗಿರಲಾರದು. ಭುಜದ ಒಳಗಿನಿಂದ ಮೊಣಕೈವರೆಗೆ ನೋವು ಹರಿದು ಉಸಿರು ನಿಂತಿತು. ಚೀಲವನ್ನು ಬಿಡಬೇಕು ಎಂದು ನಾನು ಯೋಚಿಸಲಿಲ್ಲ. ಯೋಚಿಸುವ ಮೊದಲೇ ಬಲಗೈ ಬಿಟ್ಟುಬಿಟ್ಟಿತ್ತು. ಚೀಲ ನೆಲಕ್ಕೆ ಬಿದ್ದು, ಕಟ್ಟು ಬಿಚ್ಚಿ ಅಕ್ಕಿ ಚೆಲ್ಲಿತು. ನಾನು ಹಿಂದಕ್ಕೆ ವಾಲಿ, ಗೋಡೆಗೂ ಚೀಲಗಳ ರಾಶಿಗೂ ನಡುವಿನ ಇಕ್ಕಟ್ಟಿನಲ್ಲಿ ಕುಸಿದೆ. ರಾಶಿಯ ಮೇಲಿನ ಚೀಲವೊಂದು ಜಾರಿ ನನ್ನ ಬಲ ತೋಳನ್ನು ಗೋಡೆಗೆ ಒತ್ತಿಹಿಡಿಯಿತು. ಎಳೆದರೆ ನೋವು, ಸುಮ್ಮನಿದ್ದರೂ ನೋವು. ಎಡಗೈಗೆ ಚೀಲ ಎಟುಕುತ್ತಿರಲಿಲ್ಲ. ಕಿಟಕಿಯಿಲ್ಲದ ಕೋಣೆ. ಎಷ್ಟು ಹೊತ್ತು ಹಾಗಿದ್ದೆನೋ ಗೊತ್ತಿಲ್ಲ. ಪಕ್ಕದಲ್ಲಿ ಪಾತ್ರೆ ತೊಳೆಯುವ ಸದ್ದು ಕೇಳುತ್ತಲೇ ಇತ್ತು, ಕೂಗಲು ಮಾತ್ರ ನನಗೆ ಬಾಯಿ ಬರಲಿಲ್ಲ.

ಪಾತ್ರೆ ಇಡಲು ಬಂದ ಅಡುಗೆಯಕ್ಕ ಬಾಗಿಲಲ್ಲಿ ನಿಂತು ನೋಡಿದರು.

"ಎಂತ ಮಾಷ್ಟ್ರೆ ಇದು? ಅಕ್ಕಿ ಚೀಲದೊಟ್ಟಿಗೆ ಕುಸ್ತಿಯಾ?"

"ಚೀಲ ಸ್ವಲ್ಪ ಸರಿಸಿ."

ಅವರು ಐವತ್ತು ಕಿಲೋ ಚೀಲವನ್ನು ಎರಡು ಸಲ ಎಳೆದು ಸರಿಸಿದರು. ನನ್ನ ಮುಖ ನೋಡಿದ ಮೇಲೆ ತಮಾಷೆ ಮಾಡಲಿಲ್ಲ. ಚಾ ಕೊಟ್ಟರು. ಅವರು ಚೆಲ್ಲಿದ ಅಕ್ಕಿಯನ್ನು ಗುಡಿಸಿ ಗೆರಸೆಯಲ್ಲಿ ಕೇರುತ್ತಿದ್ದರು. ಆ ಅಕ್ಕಿಯನ್ನೇ ನೋಡುತ್ತ ಕೂತೆ. ಬಿದ್ದದ್ದು ಅರ್ಧ ಚೀಲ. ಇದೇ ಎತ್ತರದಿಂದ, ಸೀರೆ ಉಟ್ಟು, ಹೂ ಮುಡಿದ ಒಬ್ಬಳು ಹುಡುಗಿ, ಐನೂರು ಜನರ ಎದುರು.

ಸೋಮವಾರ ರಜೆ ಹಾಕಿ ಪುತ್ತೂರಿನ ಬಸ್ಸು ಹತ್ತಿದೆ. ಆಲಂಕಾರಿನವರೆಗೆ ನಿಂತೇ ಇದ್ದೆ, ಮೇಲಿನ ಕಂಬಿಗೆ ಎಡಗೈ, ಬಲಗೈ ಹೊಟ್ಟೆಗೆ ಒತ್ತಿ. ಶಾಂತಿಮೊಗರಿನ ಸೇತುವೆಯ ಹತ್ತಿರ ಬಸ್ಸು ಬ್ರೇಕ್ ಹಾಕಿದಾಗ ಪಕ್ಕದವರ ಮೈ ತಾಗಿ ಕಣ್ಣಿಗೆ ಕತ್ತಲೆ ಬಂತು. ಆಸ್ಪತ್ರೆಯ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ ಮೂಳೆಗೆ ಏನೂ ಆಗಿಲ್ಲ ಎಂದು ಕೆಳಗಿನ ಫಿಸಿಯೋಥೆರಪಿ ಕೋಣೆಗೆ ಕಳಿಸಿದರು.

ಅಲ್ಲಿದ್ದವಳು ನೆಲ್ಯಾಡಿಯಿಂದ ದಿನಾ ಬಂದುಹೋಗುವ ತರುಣಿ. ಅವಳಪ್ಪ ರಬ್ಬರ್ ಟ್ಯಾಪಿಂಗ್ ಮಾಡುವವರು, ಅವರಿಗೂ ಒಮ್ಮೆ ಹೀಗೇ ಆಗಿತ್ತಂತೆ. ಅಂಗಿ ತೆಗೆಯಲು ಹೇಳಿ, ನಾನು ತೆಗೆಯುವುದನ್ನು ಪೂರ್ತಿ ನೋಡಿದಳು. ಆಮೇಲೆ ಕೈ ಎತ್ತಲು ಹೇಳಿದಳು. ಎದೆಯ ಮಟ್ಟಕ್ಕೆ ಬಂದು ನಿಂತಿತು. ಎದುರಿನ ಕನ್ನಡಿಯಲ್ಲಿ ನನ್ನ ಭುಜವೇ ಕಿವಿಯ ಕಡೆಗೆ ಏರುವುದು ಕಾಣುತ್ತಿತ್ತು.

"ನೀವು ಎತ್ತಬೇಡಿ ಸರ್. ಕೈ ನನಗೆ ಬಿಟ್ಟುಬಿಡಿ, ನಾನು ಎತ್ತುತ್ತೇನೆ."

ಅವಳು ಎತ್ತಿದಳು. ಅದೇ ಜಾಗದಲ್ಲಿ ನಿಂತಿತು. ಕೋನ ಅಳೆಯುವ ಪ್ಲಾಸ್ಟಿಕ್ ಪಟ್ಟಿಯನ್ನು ಹಿಡಿದು ಎಂಬತ್ತು ಎಂದಳು. ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು ಮುಂಗೈಯನ್ನು ಹೊರಕ್ಕೆ ತಿರುಗಿಸಿದಾಗ ಹತ್ತು ಡಿಗ್ರಿಯೂ ಹೋಗಲಿಲ್ಲ.

"ಸ್ನಾಯು ಸೋತದ್ದಾದ್ರೆ ನಾನು ಎತ್ತುವಾಗ ಹೋಗ್ಬೇಕು. ಇದು ನಾನು ಎತ್ತಿದರೂ ಹೋಗುದಿಲ್ಲ."

ಮೇಜಿನ ಮೇಲೆ ಭುಜದ ಪ್ಲಾಸ್ಟಿಕ್ ಮಾದರಿಯೊಂದಿತ್ತು. ಚೆಂಡು-ಗುಳಿ ಕೀಲನ್ನು ನಾನು ಮಕ್ಕಳಿಗೆ ತೆಂಗಿನ ಗೆರಟೆಯೊಳಗೆ ಚೆಂಡಿಟ್ಟು ತೋರಿಸುವವನು, ಹಾಗೆಂದೆ. "ಗೆರಟೆಯಷ್ಟು ಆಳ ಇಲ್ಲ ಸರ್, ಭುಜದ್ದು," ಎಂದಳು. "ಸೊಂಟದ್ದಾದ್ರೆ ಗೆರಟೆ. ಇದು ಚಾ ಕಪ್ಪಿನಡಿಯ ಸಾಸರು."

ಅಷ್ಟು ಚಪ್ಪಟೆಯಾದ ಗುಳಿಯಿಂದ ಚೆಂಡು ಜಾರಿ ಬೀಳದಂತೆ ಯಾರು ಹಿಡಿದಿರುತ್ತಾರೆ ಎಂಬುದು ನನ್ನ ಪಾಠದಲ್ಲಿ ಯಾವತ್ತೂ ಬಂದಿರಲಿಲ್ಲ. ಅವಳು ಒಂದೊಂದಾಗಿ ಮುಟ್ಟಿ ತೋರಿಸಿದಳು. ಭುಜದ ಹೊರಗೆ ಕವಿದುಕೊಂಡಿರುವುದು ಡೆಲ್ಟಾಯ್ಡ್. ತೋಳನ್ನು ಪಕ್ಕಕ್ಕೆ ಎತ್ತುವ ದೊಡ್ಡ ಬಲ ಅದರದು. ಅದರ ಒಳಗೆ, ಬೆನ್ನಿನ ಅಗಲವಾದ ಹೆಗಲೆಲುಬಿನಿಂದ ಹೊರಟು ತೋಳಿನ ಮೂಳೆಯ ತಲೆಯನ್ನು ಸುತ್ತ ಹಿಡಿಯುವ ನಾಲ್ಕು ಸಣ್ಣ ಸ್ನಾಯುಗಳಿವೆ. ಮೇಲಿನದು ಎತ್ತುವ ಮೊದಲ ಕೆಲವು ಡಿಗ್ರಿಗೆ ನೆರವಾಗುತ್ತದೆ. ಹಿಂದಿನ ಎರಡು ತೋಳನ್ನು ಹೊರಕ್ಕೆ ತಿರುಗಿಸುತ್ತವೆ. ಹೆಗಲೆಲುಬಿಗೂ ಪಕ್ಕೆಲುಬಿಗೂ ನಡುವೆ ಅಡಗಿರುವ ನಾಲ್ಕನೆಯದು ಒಳಕ್ಕೆ ತಿರುಗಿಸುತ್ತದೆ. ಆದರೆ ನಾಲ್ಕಕ್ಕೂ ಸೇರಿದ ಮುಖ್ಯ ಕೆಲಸ ಹಿಡಿದುಕೊಳ್ಳುವುದು. ಡೆಲ್ಟಾಯ್ಡ್ ಮೇಲಕ್ಕೆ ಎಳೆಯುವಾಗ ಇವು ಚೆಂಡನ್ನು ತಟ್ಟೆಯ ಮಧ್ಯಕ್ಕೆ ಒತ್ತಿ ನಿಲ್ಲಿಸುತ್ತವೆ. ಕೈ ಪೂರ್ತಿ ಮೇಲೇಳಬೇಕಾದರೆ ಹೆಗಲೆಲುಬೂ ಬೆನ್ನ ಮೇಲೆ ತಿರುಗಬೇಕು. ಆ ಎತ್ತರದ ಸುಮಾರು ಮೂರನೆಯ ಒಂದು ಪಾಲು ಅದರದೇ.

ಆಮೇಲೆ ಒಂದೊಂದನ್ನೂ ಪರೀಕ್ಷಿಸಿದಳು. ಅವಳು ಒಂದು ಕಡೆಗೆ ಒತ್ತಿದರೆ ನಾನು ಅಲುಗದೆ ವಿರುದ್ಧ ಒತ್ತಬೇಕು. ಎಲ್ಲವೂ ಗಟ್ಟಿಯಾಗಿದ್ದವು.

"ಸ್ನಾಯು ಎಲ್ಲ ಸರಿ ಉಂಟು. ಕೀಲಿನ ಸುತ್ತ ಒಂದು ತೆಳು ಚೀಲ ಉಂಟಲ್ಲ ಸರ್, ಅದು ದಪ್ಪ ಆಗಿ ಕುಗ್ಗಿದೆ. ಶುಗರ್ ಇರುವವರಿಗೆ ಹೆಚ್ಚು ಬರ್ತದೆ. ಒಳಗೆ ಜಾಗ ಇಲ್ಲ, ಹಾಗಾಗಿ ಯಾರು ಎಳೆದರೂ ಬರುದಿಲ್ಲ. ನೀವು ಹೇಳಿದ ಅಕ್ಕಿ ಚೀಲ ಎಲ್ಲ ಇನ್ನು ಬೇಡ."

ಕೆಟ್ಟದ್ದು ಏನಾದರೂ ಇದ್ದಿದ್ದರೆ ಸಮಾಧಾನವಾಗುತ್ತಿತ್ತೇನೋ. ನನ್ನ ಸ್ನಾಯುಗಳೆಲ್ಲ ಸರಿಯಾಗಿದ್ದು, ದುಡಿಯಲು ಸಿದ್ಧವಾಗಿದ್ದು, ಕೀಲಿನ ಚೀಲ ಬಿಗಿದು ಅವೆಲ್ಲ ಕೆಲಸವಿಲ್ಲದೆ ಉಳಿದಿವೆ ಎಂಬುದು ನನ್ನನ್ನು ಹೆಚ್ಚು ಕಂಗೆಡಿಸಿತು. ಎಷ್ಟು ಸಮಯ ಎಂದು ಕೇಳಿದೆ. ಒಂದು ವರ್ಷ, ಒಂದೂವರೆ, ಕೆಲವರಿಗೆ ಇನ್ನೂ ಹೆಚ್ಚು ಎಂದಳು. ಮದುವೆಗೆ ಒಂಬತ್ತು ವಾರವಿತ್ತು.

"ಮದುವೆಯಲ್ಲಿ ಸೊಸೆಯನ್ನು ಎತ್ತಬೇಕು. ಇಪ್ಪತ್ತು ಹೆಜ್ಜೆ ಅಷ್ಟೆ."

ಅವಳು ಸ್ವಲ್ಪ ಯೋಚಿಸಿದಳು. "ಭಾರದ ಪ್ರಶ್ನೆ ಅಲ್ಲ ಸರ್. ಎತ್ತಿ ನಿಲ್ಲಬಹುದು ನೀವು. ಮಧ್ಯದಲ್ಲಿ ಒಂದು ಜರ್ಕ್ ಬಂದ್ರೆ ಕೈ ತಾನೇ ಬಿಟ್ಟುಬಿಡ್ತದೆ. ನಿಮ್ಮನ್ನು ಕೇಳುದಿಲ್ಲ."

ಅದು ನನಗೆ ಗೊತ್ತಿತ್ತು.

ಮನೆಯ ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಗೋಡೆಯ ಮೇಲೆ ನಡೆಸುತ್ತ ಕೈಯನ್ನು ಏರಿಸುವ ವ್ಯಾಯಾಮ ಕೊಟ್ಟಿದ್ದಳು. ದಿನಾ ಬೆಳಿಗ್ಗೆ ಬೆರಳು ನಿಂತಲ್ಲಿ ಪೆನ್ಸಿಲಿನಿಂದ ಗೆರೆ ಎಳೆದೆ. ಮೂರು ವಾರದ ಗೆರೆಗಳು ಒಂದರ ಮೇಲೊಂದು ಬಿದ್ದು ಒಂದೇ ದಪ್ಪ ಗೆರೆಯಾಯಿತು. ಅಕ್ಕ ಫೋನು ಮಾಡಿದಾಗಲೆಲ್ಲ ಇವತ್ತು ಹೇಳುತ್ತೇನೆ ಎಂದುಕೊಂಡು, ಅವಳು ಸೀರೆಯ, ಅಡುಗೆಯವರ ಮಾತು ಮುಗಿಸುವಷ್ಟರಲ್ಲಿ ಹೇಳದೆ ಇಡುತ್ತಿದ್ದೆ.

ಮದುವೆಗೆ ಹತ್ತು ದಿನವಿರುವಾಗ, ಒಂದು ಭಾನುವಾರ ಸಂಜೆ, ಹೇಳಲೇಬೇಕೆಂದು ಸುಳ್ಯಕ್ಕೆ ಹೋದೆ. ಅಕ್ಕ ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ದನಿ ತಗ್ಗಿಸಿ, "ನೀನಾದ್ರೂ ಅವಳಿಗೆ ಬುದ್ಧಿ ಹೇಳು ಮಾರಾಯ," ಎಂದಳು. "ಎರಡು ತಿಂಗಳಾಯ್ತು, ರಾತ್ರಿ ಊಟ ಮಾಡುದೇ ಇಲ್ಲ. ಮಾವನಿಗೆ ಎತ್ತುವಾಗ ಕಷ್ಟ ಆಗ್ಬಾರದಂತೆ."

ಕಿರಿಯವಳು ಹಿಂದಿನ ಜಗಲಿಯಲ್ಲಿ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ನನ್ನಿಂದ ಎತ್ತಲು ಆಗುವುದಿಲ್ಲ ಎಂದೆ. ಭುಜ ಹೀಗಾಗಿದೆ ಎಂದೆ. ಅವಳು ಕೆಂಪು ಪೆನ್ನಿನ ಮುಚ್ಚಳ ಹಾಕಿದಳು.

"ಆಗುದಿಲ್ಲಾಂದ್ರೆ ಆಗುದಿಲ್ಲಾಂತ ಹೇಳಿ ಮಾವ. ಭುಜ ಗಿಜ ಎಂತಕ್ಕೆ?"

ಕೋಪವಿರಲಿಲ್ಲ ದನಿಯಲ್ಲಿ. ಈ ಉತ್ತರವನ್ನು ಅವಳು ಮೊದಲೇ ನಿರೀಕ್ಷಿಸಿದ್ದಳು ಅಂತ ಅನಿಸಿತು. ಏನು ಹೇಳಿದರೂ ಅದು ನೆಪವಾಗಿಯೇ ಕೇಳಿಸುತ್ತದೆ ಎಂದು ಅರ್ಥವಾಯಿತು. ಆಮೇಲೆ ಬಲಗೈಯನ್ನು ಅವಳ ಕಡೆಗೆ ಚಾಚಿದೆ.

"ಎತ್ತು."

"ಎಂತ?"

"ನಾನು ಕೈಯನ್ನು ಸಡಿಲ ಬಿಡುತ್ತೇನೆ. ನೀನು ಎತ್ತಿ ನೋಡು. ಎಷ್ಟು ಹೋಗ್ತದೆ ಅಂತ."

ಅವಳು ಎದ್ದು, ಒಂದು ಕೈಯಲ್ಲಿ ನನ್ನ ಮಣಿಕಟ್ಟನ್ನೂ ಇನ್ನೊಂದರಲ್ಲಿ ಮೊಣಕೈಯನ್ನೂ ಹಿಡಿದು ಎತ್ತಿದಳು. ಕೈ ಅದರ ಜಾಗದಲ್ಲಿ ನಿಂತಿತು. ನಾನು ತಡೆಯುತ್ತಿದ್ದೇನೆಯೇ ಎಂದು ನೋಡಲು ತೋಳನ್ನು ಒತ್ತಿ ನೋಡಿದಳು. ತೋಳು ಸಡಿಲವಾಗಿಯೇ ಇತ್ತು. ಇನ್ನೊಮ್ಮೆ ಎತ್ತಿದಳು. ಬೆನ್ನ ಮೇಲೆ ಕೈಯಿಡಲು ಹೇಳಿದೆ. ತೋಳು ನಿಂತ ಮೇಲೂ ಎತ್ತಿದರೆ ಹೆಗಲೆಲುಬು ಅದರೊಂದಿಗೆ ಒಂದೇ ತುಂಡಾಗಿ ಏಳುವುದು ಅವಳ ಅಂಗೈಗೆ ಸಿಕ್ಕಿತು.

"ಎಂಬತ್ತು ಡಿಗ್ರಿ ಸಹ ಇಲ್ಲ," ಎಂದಳು. "ಎಪ್ಪತ್ತೈದು, ಎಪ್ಪತ್ತೆಂಟು."

"ಎಂಬತ್ತು ಅಂತ ಅಳೆದಿದ್ದಾರೆ."

"ನೋವಾಗ್ತದಾ?"

"ಆಗ್ತದೆ."

ಅವಳು ಕೈಯನ್ನು ನಿಧಾನವಾಗಿ ಇಳಿಸಿ, ನನ್ನ ತೊಡೆಯ ಮೇಲೆ ಇಟ್ಟಳು. ಮತ್ತೆ ಅವಳು ಒಳಗಿನ ಕಡೆಗೆ ಮುಖ ಮಾಡಿ, "ಅಮ್ಮ, ನನಗೂ ಎರಡು ದೋಸೆ ಹಾಕು," ಎಂದಳು.

ನಡೆದೇ ಬರುತ್ತೇನೆ ಎಂದು ಅವಳೇ ಪುರೋಹಿತರಿಗೆ ಹೇಳಿದಳು. ಸೋದರಮಾವ ಕೈ ಹಿಡಿದು ತಂದರೆ ಸಾಕು ಎಂದು ಅವರು ಒಪ್ಪಿದರು. ನನ್ನ ಬಿಗಿತ ಅದರಿಂದ ಸಡಿಲವಾಗಲಿಲ್ಲ. ಒಪ್ಪಬೇಕಾಗಿದ್ದವರು ಪುರೋಹಿತರಲ್ಲ.

ಮದುವೆ ಸುಳ್ಯದ ಒಂದು ಸಭಾಭವನದಲ್ಲಿ. ಮುಹೂರ್ತಕ್ಕೆ ಸ್ವಲ್ಪ ಮೊದಲು ಅವಳನ್ನು ಕೋಣೆಯಿಂದ ಹೊರಗೆ ಕರೆತಂದರು. ಮಂಟಪಕ್ಕೆ ಹೋಗುವ ಓಣಿಯಲ್ಲಿ ನೆಂಟರು ಎರಡೂ ಬದಿ ನಿಂತಿದ್ದರು. ಎತ್ತುವುದನ್ನು ನೋಡಲು ಕೆಲವರು ಮೊಬೈಲು ಹಿಡಿದಿದ್ದರು. ನಾನು ಎತ್ತದೆ ಅವಳ ಪಕ್ಕಕ್ಕೆ ಹೋಗಿ ನಿಂತಾಗ ದೊಡ್ಡ ಭಾವ ಮುಂದೆ ಬಂದರು.

"ಮಾಷ್ಟ್ರು ಕೈಬಿಟ್ಟರಾ?" ಎಂದರು. "ನಾನು ಅವತ್ತೇ ಹೇಳಿದ್ದೆ ಮಾರಾಯ್ರೆ. ಕ್ರೇನಿನವನ ನಂಬರು ಈಗಲೂ ಉಂಟು."

ಒಂದಿಬ್ಬರು ನಕ್ಕರು. ನಾನು ನೆಲ ನೋಡಿದೆ. ಹಿಂದೆ ಗೋಡೆ, ಮುಂದೆ ಅವರು, ಪಕ್ಕದಲ್ಲಿ ಅವಳು.

"ದೊಡ್ಡಪ್ಪ," ಎಂದಳು ಅವಳು. ಬಾಸಿಂಗ ಕಟ್ಟಿದ್ದರಿಂದ ತಲೆ ತಿರುಗಿಸದೆ, ನೇರ ಅವರೆದುರಿಗೆ ಮೈಯನ್ನೇ ತಿರುಗಿಸಿದ್ದಳು. "ಮಾವನ ಕೈ ಒಮ್ಮೆ ಎತ್ತಿ ನೋಡಿ."

"ಎಂತಕ್ಕೆ?"

"ಎತ್ತಿ ನೋಡಿ. ನೀವು ಗಟ್ಟಿ ಇದ್ದೀರಲ್ಲ."

ಅವರು ನಗುತ್ತಲೇ ನನ್ನ ಮಣಿಕಟ್ಟು ಹಿಡಿದು ಮೇಲಕ್ಕೆ ಎತ್ತಿದರು. ಅವರಿಗೆ ಗೊತ್ತಿರಲಿಲ್ಲ. ಒಮ್ಮೆಗೇ ಎತ್ತಿದರು. ಕೈ ನಿಂತಲ್ಲಿ ನಿಂತಿತು, ನೋವು ಮಾತ್ರ ಮುಂದೆ ಹೋಯಿತು. ಕೈಯನ್ನು ಎಳೆದುಕೊಳ್ಳಬಹುದಾಗಿತ್ತು, ಎಳೆದುಕೊಳ್ಳಲಿಲ್ಲ. ಪುತ್ತೂರಿನ ಫಿಸಿಯೋಥೆರಪಿಯವಳು ಹೇಳಿದ ಹಾಗೆ ತೋಳನ್ನು ಸಡಿಲ ಬಿಟ್ಟು ನಿಂತೆ. ತಡೆದೆ ಎಂದು ಯಾರಿಗೂ ಅನಿಸಬಾರದಿತ್ತು. ಹಣೆಯಿಂದ ಬೆವರು ಹುಬ್ಬಿಗೆ ಇಳಿದದ್ದು ಗೊತ್ತಾಯಿತು. ವಾಲಗದವರು ಒಂದು ಹಾಡು ಮುಗಿಸಿ ಇನ್ನೊಂದಕ್ಕೆ ಹೋಗುತ್ತಿದ್ದರು.

ದೊಡ್ಡ ಭಾವ ಎರಡನೆಯ ಸಲ ಎತ್ತಿದರು, ಈ ಸಲ ಮೆಲ್ಲಗೆ. ನಗು ಹೋಗಿತ್ತು. ಇನ್ನೊಂದು ಕೈಯನ್ನು ನನ್ನ ಭುಜದ ಮೇಲಿಟ್ಟು, ಎಲ್ಲಿ ಹಿಡಿದಿದೆ ಎಂದು ತಡವಿದರು.

"ಇದು ಎಂತ, ಬೀಗ ಹಾಕಿದ ಹಾಗೆ ಉಂಟಲ್ಲ."

"ಇನ್ನೂ ಸ್ವಲ್ಪ ಎತ್ತಿ ನೋಡಿ ದೊಡ್ಡಪ್ಪ."

"ಸಾಕು ಮಾರಾಯ್ತಿ," ಎಂದು ಅವರು ಕೈಯನ್ನು ಇಳಿಸಿದರು. ಕೂಡಲೇ ಬಿಡಲಿಲ್ಲ, ಎಲ್ಲಿ ಇಡಬೇಕೆಂದು ತಿಳಿಯದವರ ಹಾಗೆ ಹಿಡಿದುಕೊಂಡೇ ನಿಂತರು. ಅವಳು ಅದನ್ನು ಅವರಿಂದ ತೆಗೆದುಕೊಂಡು, ನನ್ನ ಮೊಣಕೈಯನ್ನು ನನ್ನ ಪಕ್ಕೆಗೆ ತಾಗುವಂತೆ ಇಟ್ಟು, ಅದರ ಮೇಲೆ ತನ್ನ ಕೈಯಿಟ್ಟಳು. ಮಂಟಪದಿಂದ ಪುರೋಹಿತರು ಕರೆದರು.

ನಾವು ಹೊರಟೆವು. ದಾರಿಯಲ್ಲಿ ಯಾರೂ ನಗಲಿಲ್ಲ ಎಂದು ಬರೆಯಲಾರೆ. ಎಡಬದಿಯ ಕುರ್ಚಿಗಳ ಸಾಲಿನಿಂದ ಯಾರೋ ಏನೋ ಅಂದರು, ಯಾರೋ ನಕ್ಕರು. ಅವಳಿಗೂ ಕೇಳಿರಬೇಕು. ನನ್ನ ಮೊಣಕೈಯ ಮೇಲಿನ ಹಿಡಿತ ಒಮ್ಮೆ ಬಿಗಿಯಾಯಿತು. ನನ್ನ ಭುಜ ಇನ್ನೂ ಉರಿಯುತ್ತಿತ್ತು, ಒಂದೊಂದು ಹೆಜ್ಜೆಗೂ ಉರಿಯುತ್ತಿತ್ತು. ಪರದೆಗೆ ಇನ್ನೂ ಎಂಟು-ಹತ್ತು ಹೆಜ್ಜೆ ಇದ್ದಾಗ ಹಿಂದಿನಿಂದ ದೊಡ್ಡ ಭಾವನ ದನಿ ಕೇಳಿತು. ಆ ಕುರ್ಚಿಗಳ ಸಾಲಿಗೇ ಹೇಳುತ್ತಿದ್ದರು.

"ಅದು ಅವಳದ್ದಲ್ಲ ಮಾರಾಯ್ರೆ, ಮಾಷ್ಟ್ರ ಭುಜದ್ದು. ನಾನೇ ಎತ್ತಿ ನೋಡಿದ್ದೇನೆ. ಬರುದಿಲ್ಲ."